ಹಣ್ಣಿನ ಗ್ಲೇಜ್ ಮನೆಯಲ್ಲೇ: ಹದ ಹಿಡಿಯುವುದು, ಸುರಿಯುವುದು, ಉಳಿಸಿಕೊಳ್ಳುವುದು

ಹಣ್ಣಿನ ರಸಕ್ಕೋ ತಿರುಳಿಗೋ ಸಕ್ಕರೆ ಸೇರಿಸಿ, ಕೇಕು, ಟಾರ್ಟ್, ಚೀಸ್‌ಕೇಕಿನ ಮೇಲೆ ಹೊಳಪಾಗಿ ಕೂರುವಷ್ಟು ಗಟ್ಟಿ ಮಾಡಿದರೆ ಅದೇ ಗ್ಲೇಜ್. ಅರ್ಧ ಗಂಟೆಯ ಕೆಲಸ, ನಾಲ್ಕೈದು ಸಾಮಾನು. ಆದರೂ ಇದು ಆಗಾಗ ಕೈಕೊಡುತ್ತದೆ. ಒಮ್ಮೆ ನೀರಾಗಿ ತಟ್ಟೆಗೆ ಇಳಿಯುತ್ತದೆ, ಇನ್ನೊಮ್ಮೆ ಗಟ್ಟಿಯಾಗಿ ಚಾಕುವಿನ ಜೊತೆ ಹಾಳೆಯಾಗಿ ಎದ್ದು ಬರುತ್ತದೆ. ಸಂಜೆ ಚೆನ್ನಾಗಿದ್ದದ್ದು ಬೆಳಗಾಗುವಷ್ಟರಲ್ಲಿ ನೀರು ಬಿಟ್ಟಿರುತ್ತದೆ.

ಇದಕ್ಕೆಲ್ಲ ಹಣ್ಣನ್ನು ದೂರಿ ಪ್ರಯೋಜನವಿಲ್ಲ. ಗ್ಲೇಜ್ ಮಾಡಲು ಹೊರಟವರು ಸಾಮಾನ್ಯವಾಗಿ ಹಣ್ಣು ಯಾವುದೆಂದು ಮೊದಲು ನಿರ್ಧರಿಸುತ್ತಾರೆ. ನನ್ನ ಪ್ರಕಾರ ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದವು ಎರಡಿವೆ: ಇದನ್ನು ಯಾವುದರ ಮೇಲೆ ಹಾಕುತ್ತೇನೆ? ಹಾಕಿದ ಎಷ್ಟು ಹೊತ್ತಿಗೆ ತಿನ್ನುತ್ತಾರೆ? ಇವಕ್ಕೆ ಉತ್ತರ ಸಿಕ್ಕರೆ ಗಟ್ಟಿ ಮಾಡಲು ಯಾವ ವಸ್ತು ಬೇಕೆಂಬುದು ತಾನಾಗಿ ತಿಳಿಯುತ್ತದೆ. ಹಣ್ಣು ಆಮೇಲೆ.

ಯಾವುದಕ್ಕೆ ಯಾವ ಗ್ಲೇಜ್

ಅದೇ ದಿನ ತಿಂದು ಮುಗಿಸುವ ಕೇಕು, ಐಸ್‌ಕ್ರೀಮು, ಪ್ಯಾನ್‌ಕೇಕಿಗೆ ಕಾರ್ನ್‌ಫ್ಲೋರ್ ಹಾಕಿದ ಗ್ಲೇಜ್ ಸಾಕು. ಸುಲಭ, ಕೈಯಳತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಸರಿಪಡಿಸಬಹುದು. ಇಲ್ಲಿ ಬೇಕಾದ್ದು ಬೆಳ್ಳಗೆ ನುಣ್ಣಗಿರುವ ಪಿಷ್ಟ. ಹಳದಿ ಬಣ್ಣದ ಮೆಕ್ಕೆಜೋಳದ ಹಿಟ್ಟು ಹಾಕಿದರೆ ಗಂಜಿಯಾಗುತ್ತದೆ.

ಚೀಸ್‌ಕೇಕ್ ಅಥವಾ ಮೂಸ್ (ನೊರೆಯಂತೆ ಹಗುರವಾದ ತಣ್ಣನೆಯ ಸಿಹಿ) ಮೇಲೆ ಚಾಕುವಿನಿಂದ ಚೊಕ್ಕಟವಾಗಿ ಕತ್ತರಿಸಬಹುದಾದ ಪದರ ಬೇಕಿದ್ದರೆ ಜೆಲಟಿನ್ ಇಲ್ಲವೇ ಅಗರ್ ಅಗರ್, ಅಂದರೆ ಚೈನಾ ಗ್ರಾಸ್ ಬೇಕು. ಜೆಲಟಿನ್ ಬಾಯಲ್ಲಿ ಬೆಣ್ಣೆಯಂತೆ ಕರಗುತ್ತದೆ, ಆದರೆ ಪ್ರಾಣಿಮೂಲದ್ದು. ಸೆಕೆ ಹೆಚ್ಚಿರುವ ಕೋಣೆಯಲ್ಲೂ ಅದು ಮೆತ್ತಗಾಗುತ್ತದೆ. ಚೈನಾ ಗ್ರಾಸ್ ಕಡಲಕಳೆಯಿಂದ ಬರುವುದು. ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿ ಸೆಲ್ಸಿಯಸ್‌ವರೆಗೂ ಕರಗುವುದಿಲ್ಲ, ಹಾಗಾಗಿ ಬಿಸಿಲಿನ ಹೊತ್ತಿನ ಹೊರಾಂಗಣ ಊಟಕ್ಕೆ ಇದೇ ಲೇಸು. ಕಚ್ಚಿದರೆ ಮಾತ್ರ ತುಸು ಪಟ್ಟೆಂದು ಒಡೆಯುವ ಗುಣ ಇದರದ್ದು.

ಟಾರ್ಟಿನ ಮೇಲೆ ಜೋಡಿಸಿದ ಹೆಚ್ಚಿದ ಹಣ್ಣಿಗೆ ಹೊಳಪು ಕೊಡುವುದಷ್ಟೇ ಉದ್ದೇಶವಾದರೆ ಜಾಮನ್ನು ನೀರು ಮಾಡಿ ಸವರಿದರೆ ಆಯಿತು. ಡೋನಟ್, ಟೀ ಕೇಕಿನ ಮೇಲೆ ಒಣಗಿ ಗರಿಗರಿಯಾಗುವ ಲೇಪ ಬೇಕಿದ್ದರೆ ಐಸಿಂಗ್ ಸಕ್ಕರೆ.

ಮಾಡಿದ್ದನ್ನು ಫ್ರೀಜರಿನಲ್ಲಿಡುವ ಯೋಚನೆಯಿದ್ದರೆ ಕಾರ್ನ್‌ಫ್ಲೋರ್ ಬೇಡ. ಹಿಮಗಟ್ಟಿ ಕರಗಿದ ಮೇಲೆ ಅದು ನೀರು ಬಿಟ್ಟು ಸ್ಪಂಜಿನ ಹಾಗೆ ಆಗುತ್ತದೆ. ಮರಗೆಣಸಿನ ಪಿಷ್ಟ ಅಥವಾ ಆರಾರೂಟು ಪುಡಿ ಆ ಪರೀಕ್ಷೆಯನ್ನು ಪಾಸು ಮಾಡುತ್ತವೆ, ಹೊಳಪೂ ಪಾರದರ್ಶಕತೆಯೂ ಕಾರ್ನ್‌ಫ್ಲೋರಿಗಿಂತ ಒಂದು ಕೈ ಮೇಲೆಯೇ. ಆರಾರೂಟಿನ ತೊಂದರೆ ಒಂದೇ: ಗಟ್ಟಿಯಾದ ಮೇಲೂ ಕುದಿಸುತ್ತ ಹೋದರೆ ಮತ್ತೆ ನೀರಾಗುತ್ತದೆ. ಗಟ್ಟಿಯಾಯಿತು ಎಂದು ಕಂಡ ತಕ್ಷಣ ಇಳಿಸಬೇಕು.

ಹಣ್ಣು ಮತ್ತು ಪಾತ್ರೆ

ಚೆನ್ನಾಗಿ ಮಾಗಿದ ಹಣ್ಣೇ ಆಗಬೇಕು. ತಟ್ಟೆಯಲ್ಲಿಡಲು ಚೆಂದವಿಲ್ಲದ, ಮೆತ್ತಗಾದ ಹಣ್ಣು ಗ್ಲೇಜಿಗೆ ಬಹಳ ಒಳ್ಳೆಯದು. ಆದರೆ ಕೊಳೆತ ಭಾಗ, ಬೂಸಲು ಇದ್ದರೆ ಬಿಸಾಡಿ. ಅರೆಮಾಗಿದ ತಾಜಾ ಸ್ಟ್ರಾಬೆರಿಗಿಂತ ಹಿಮಗಟ್ಟಿಸಿದ ಸ್ಟ್ರಾಬೆರಿ ನಿಜಕ್ಕೂ ವಾಸಿ, ಅವನ್ನು ಮಾಗಿದಾಗಲೇ ಕಿತ್ತಿರುತ್ತಾರೆ. ಕರಗುವಾಗ ಬಿಡುವ ಕೆಂಪು ರಸವನ್ನು ಚೆಲ್ಲಬೇಡಿ, ರುಚಿಯೆಲ್ಲ ಅದರಲ್ಲೇ ಇರುತ್ತದೆ. ಡಬ್ಬಿಯ ಹಣ್ಣು ಸಕ್ಕರೆ ಪಾಕದಲ್ಲಿದ್ದರೆ ಗ್ಲೇಜಿನ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ ಶುರುಮಾಡಿ.

ಪಾತ್ರೆ ಸ್ಟೀಲಿನದ್ದು, ದಪ್ಪ ತಳದ್ದು. ಬರೀ ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆಗಳಲ್ಲಿ ಹಣ್ಣಿನ ಹುಳಿ ಲೋಹದ ಜೊತೆ ಸೇರಿ ರುಚಿ ಕೆಡಿಸುತ್ತದೆ, ಕೆಂಪು ಹಣ್ಣಿನ ಬಣ್ಣ ಮಂಕಾಗುತ್ತದೆ. ಇದಲ್ಲದೆ ಸಣ್ಣ ಕಣ್ಣಿನ ಜರಡಿ, ಕೈಯಾಡಿಸಲು ಮರದ ಸೌಟು ಅಥವಾ ಸಿಲಿಕೋನ್ ಸ್ಪ್ಯಾಚುಲಾ, ಮೆತ್ತನೆಯ ಬ್ರಷ್ ಇಟ್ಟುಕೊಳ್ಳಿ. ತೂಕದ ಯಂತ್ರವಿದ್ದರೆ ಅನುಕೂಲ. ಇಲ್ಲದಿದ್ದರೆ ಅಳತೆಯ ಚಮಚ: ಇಲ್ಲಿ ಟೇಬಲ್ ಚಮಚ ಎಂದಲ್ಲೆಲ್ಲ 15 ಮಿ.ಲೀ., ಟೀ ಚಮಚ ಎಂದಲ್ಲಿ 5 ಮಿ.ಲೀ. ಎಂದಿಟ್ಟುಕೊಳ್ಳಿ.

ಮೂಲ ವಿಧಾನ: ಸ್ಟ್ರಾಬೆರಿ ಗ್ಲೇಜ್

ಇದೊಂದನ್ನು ಸರಿಯಾಗಿ ಕಲಿತರೆ ಮಿಕ್ಕ ಹಣ್ಣುಗಳಿಗೆ ಅಳತೆ ಬದಲಿಸುವುದಷ್ಟೇ ಕೆಲಸ. ಬೇಕಾಗುವುದು: ತೊಟ್ಟು ತೆಗೆದ ಸ್ಟ್ರಾಬೆರಿ 300 ಗ್ರಾಂ, ಸಕ್ಕರೆ 75 ಗ್ರಾಂ (6 ಟೇಬಲ್ ಚಮಚ), ಕಾರ್ನ್‌ಫ್ಲೋರ್ ಒಂದೂವರೆ ಟೇಬಲ್ ಚಮಚ (ಸುಮಾರು 12 ಗ್ರಾಂ), ಅದನ್ನು ಕದಡಲು 3 ಟೇಬಲ್ ಚಮಚ ತಣ್ಣೀರು, ನಿಂಬೆರಸ 2 ಟೀ ಚಮಚ, ಒಂದು ಚಿಟಿಕೆ ಉಪ್ಪು. 20 ಸೆಂ.ಮೀ. ಅಗಲದ ಕೇಕಿನ ಮೇಲ್ಭಾಗ ಮುಚ್ಚಿ, ಅಂಚಿನಿಂದ ಇಳಿಯಬಿಟ್ಟರೂ ಒಂದಿಷ್ಟು ಉಳಿಯುತ್ತದೆ.

1. ಹಣ್ಣನ್ನು ತೊಳೆದು ಒರೆಸಿ, ಆಮೇಲೆ ತೊಟ್ಟು ತೆಗೆಯಿರಿ. ಮೊದಲೇ ತೊಟ್ಟು ತೆಗೆದು ತೊಳೆದರೆ ಒಳಗೆ ನೀರು ಇಳಿಯುತ್ತದೆ. ಹೆಚ್ಚಿ, ಸಕ್ಕರೆ ಮತ್ತು ಉಪ್ಪು ಬೆರೆಸಿ ಅರ್ಧ ಗಂಟೆ ಬಿಡಿ. ಸಕ್ಕರೆ ಹಣ್ಣಿನ ರಸವನ್ನು ಹೊರಗೆಳೆಯುತ್ತದೆ, ಬೇಯಿಸಲು ಬೇರೆ ನೀರು ಬೇಕಾಗುವುದಿಲ್ಲ. ಆತುರವಿದ್ದವರು ಈ ಅರ್ಧ ಗಂಟೆಯನ್ನು ಹಾರಿಸಬಹುದು, ಆಗ ಸಣ್ಣ ಉರಿಯಲ್ಲಿ ಶುರುಮಾಡಬೇಕು.

2. ಪಾತ್ರೆಗೆ ಹಾಕಿ ಮಧ್ಯಮ ಉರಿಯಲ್ಲಿ ಆರೇಳು ನಿಮಿಷ ಬೇಯಿಸಿ. ಹಣ್ಣು ಸೌಟಿನಲ್ಲಿ ಒತ್ತಿದರೆ ಕುಸಿಯುವಷ್ಟಾದರೆ ಸಾಕು. ಹೆಚ್ಚು ಬೇಯಿಸಿದಷ್ಟೂ ಜಾಮಿನ ರುಚಿಗೆ ತಿರುಗುತ್ತದೆ, ತಾಜಾ ಹಣ್ಣಿನ ಪರಿಮಳ ಹಾರಿಹೋಗುತ್ತದೆ. ಮೇಲೆ ಬರುವ ನಸುಗೆಂಪು ನೊರೆಯನ್ನು ಚಮಚದಿಂದ ತೆಗೆದುಬಿಡಿ, ಬಿಟ್ಟರೆ ಹೊಳಪು ಕಡಿಮೆ.

3. ಜರಡಿಯ ಮೇಲೆ ಸುರಿದು ಸೌಟಿನ ಹಿಂಬದಿಯಿಂದ ಉಜ್ಜಿ ಸೋಸಿ. ಜರಡಿಯ ಕೆಳಭಾಗಕ್ಕೆ ಅಂಟಿದ್ದನ್ನೂ ಕೆರೆದುಕೊಳ್ಳಿ, ಗಟ್ಟಿ ತಿರುಳು ಅಲ್ಲೇ ಇರುವುದು. ಮಿಕ್ಸಿಯಲ್ಲಿ ತಿರುಗಿಸುವುದಾದರೆ ಒಂದೆರಡು ಸುತ್ತು ಸಾಕು. ಬಹಳ ಹೊತ್ತು ತಿರುಗಿಸಿದರೆ ಬೀಜ ಅರೆದು ಕಹಿ ಬರುತ್ತದೆ, ಗಾಳಿ ಸೇರಿ ಬಣ್ಣ ತೆಳುವಾಗುತ್ತದೆ, ಆ ಗುಳ್ಳೆಗಳು ಕೊನೆವರೆಗೂ ಹೋಗುವುದಿಲ್ಲ.

4. ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. ತಣ್ಣೀರೇ ಆಗಬೇಕು. ಒಣ ಪುಡಿಯನ್ನು ಬಿಸಿ ರಸಕ್ಕೆ ಹಾಕಿದರೆ ಪುಡಿಯ ಹೊರಮೈ ತಕ್ಷಣ ಬೆಂದು ಅಂಟಾಗುತ್ತದೆ, ಒಳಗಿನ ಪುಡಿ ಒಣಗಿಯೇ ಉಳಿಯುತ್ತದೆ. ಗಂಟು ಎಂದರೆ ಇದೇ. ಕದಡಿ ಇಟ್ಟದ್ದು ನಿಮಿಷದಲ್ಲಿ ತಳಕ್ಕೆ ಇಳಿಯುತ್ತದೆ, ಸುರಿಯುವ ಮುಂಚೆ ಇನ್ನೊಮ್ಮೆ ಕಲಕಿ.

5. ಸೋಸಿದ ರಸ ಬಿಸಿಯಾಗಿ ಅಂಚಿನಲ್ಲಿ ಗುಳ್ಳೆ ಏಳುವಾಗ ಈ ನೀರನ್ನು ಸಣ್ಣ ಧಾರೆಯಾಗಿ ಸುರಿಯುತ್ತ ಕೈಯಾಡಿಸಿ. ಮೊದಲು ರಸ ಹಾಲು ಬೆರೆಸಿದಂತೆ ಮಬ್ಬಾಗುತ್ತದೆ, ಹೆದರಬೇಡಿ. ಗಟ್ಟಿಯಾಗುತ್ತ ಹೋದಂತೆ ತಿಳಿಯಾಗುತ್ತದೆ.

6. ಬಹುಪಾಲು ಗ್ಲೇಜ್ ಹಾಳಾಗುವುದು ಈ ಹಂತದಲ್ಲಿ. ಕಾರ್ನ್‌ಫ್ಲೋರಿನ, ಅಂದರೆ ಮೆಕ್ಕೆಜೋಳದ ಪಿಷ್ಟದ ಕಣಗಳು ಸುಮಾರು 62ರಿಂದ 72 ಡಿಗ್ರಿಯ ನಡುವೆ ನೀರು ಹೀರಿ ಉಬ್ಬಲು ಶುರುಮಾಡುತ್ತವೆ. ಗಟ್ಟಿಯಾದಂತೆ ಕಾಣುವುದೂ ಆಗಲೇ. ಆಯಿತೆಂದು ಇಳಿಸಿಬಿಟ್ಟರೆ ನಾಲಿಗೆಗೆ ಹಸಿ ಹಿಟ್ಟಿನ ರುಚಿ ಹತ್ತುತ್ತದೆ, ಫ್ರಿಜ್ಜಿನಲ್ಲಿಟ್ಟರೆ ನೀರು ಬಿಡುತ್ತದೆ. ಪೂರ್ತಿ ಬೇಯಲು ಸುಮಾರು 95 ಡಿಗ್ರಿ, ಅಂದರೆ ಕುದಿ ಬರಲೇಬೇಕು. ದೊಡ್ಡ ಗುಳ್ಳೆಗಳು ನಿಧಾನವಾಗಿ ಪುಳಕ್ ಪುಳಕ್ ಎಂದು ಒಡೆಯುವಾಗಿನಿಂದ ಒಂದು ನಿಮಿಷ ಎಣಿಸಿ, ಇಳಿಸಿ. ಐದು ಹತ್ತು ನಿಮಿಷ ಕುದಿಸಿದರೂ ತೊಂದರೆಯೇ: ಹಣ್ಣಿನ ಹುಳಿ ಮತ್ತು ಬಿಸಿ ಸೇರಿ ಪಿಷ್ಟವನ್ನು ಮುರಿಯುತ್ತವೆ, ಗಟ್ಟಿಯಾದದ್ದು ತೆಳ್ಳಗಾಗುತ್ತದೆ. ಗಟ್ಟಿಯಾದ ಮೇಲೆ ಜೋರಾಗಿ ಕಲಕುವುದೂ ಬೇಡ, ಉಬ್ಬಿದ ಕಣಗಳು ಒಡೆಯುತ್ತವೆ. ತಳ ಹತ್ತದಷ್ಟು ನಿಧಾನವಾಗಿ ಕೈಯಾಡಿಸಿ.

7. ಇಳಿಸಿದ ಮೇಲೆ ನಿಂಬೆರಸ ಹಾಕಿ. ಮೊದಲೇ ಹಾಕಿದರೆ ಮೇಲೆ ಹೇಳಿದ ಹುಳಿಯ ಕಾಟ ಹೆಚ್ಚುತ್ತದೆ, ನಿಂಬೆಯ ಪರಿಮಳವೂ ಆವಿಯಾಗುತ್ತದೆ. ನಿಂಬೆಗೆ ಇಲ್ಲಿ ಇನ್ನೊಂದು ಕೆಲಸವಿದೆ: ಸ್ಟ್ರಾಬೆರಿ, ಚೆರ್ರಿ, ಬ್ಲೂಬೆರಿಗಳ ಬಣ್ಣ ಹುಳಿ ಇದ್ದಾಗ ಕೆಂಪಾಗಿ ನಿಲ್ಲುತ್ತದೆ, ಹುಳಿ ಕಡಿಮೆಯಾದಷ್ಟೂ ನೇರಳೆ, ನೀಲಿಯ ಕಡೆ ವಾಲುತ್ತದೆ. ನಿಂಬೆ ಬಿದ್ದ ಕೂಡಲೇ ಬಣ್ಣ ಬಿರಿಯುವುದು ಕಣ್ಣಿಗೇ ಕಾಣುತ್ತದೆ. ಇನ್ನಷ್ಟು ಹೊಳಪು ಬೇಕೆನ್ನುವವರು ಒಂದು ಟೀ ಚಮಚ ಬೆಣ್ಣೆ ಬೆರೆಸುವುದುಂಟು. ನನಗೆ ಅದು ಹಣ್ಣಿನ ರುಚಿಗೆ ಮುಸುಕು ಹಾಕಿದಂತೆ ಅನಿಸುತ್ತದೆ.

8. ಹದ ನೋಡುವುದು ಹೀಗೆ: ಚಮಚವನ್ನು ಅದ್ದಿ ತೆಗೆದು, ಹಿಂಬದಿಯಲ್ಲಿ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಕೂಡಿಕೊಳ್ಳದೆ ನಿಂತರೆ ಕೇಕಿಗೆ ಸುರಿಯುವ ಹದ. ಇನ್ನೂ ಖಚಿತವಾಗಬೇಕಿದ್ದರೆ ಸಣ್ಣ ತಟ್ಟೆಯೊಂದನ್ನು ಮೊದಲೇ ಫ್ರೀಜರಿನಲ್ಲಿಟ್ಟಿರಿ. ಅದರ ಮೇಲೆ ಅರ್ಧ ಚಮಚ ಹಾಕಿ ಎರಡು ನಿಮಿಷ ಬಿಟ್ಟು ವಾಲಿಸಿ. ಆರಿದ ಮೇಲೆ ಗ್ಲೇಜ್ ಹೇಗಿರುತ್ತದೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಸಿಹಿಯನ್ನೂ ಅದೇ ತಟ್ಟೆಯಿಂದಲೇ ನೋಡಿ, ತಣ್ಣಗಾದದ್ದು ನಾಲಿಗೆಗೆ ಬಿಸಿಯಿದ್ದಾಗಿಗಿಂತ ಕಡಿಮೆ ಸಿಹಿ ಎನಿಸುತ್ತದೆ.

ರುಚಿ ನೋಡಿದ ಚಮಚವನ್ನು ಮತ್ತೆ ಪಾತ್ರೆಗೆ ಹಾಕಬೇಡಿ. ಎಂಜಲು ಎಂಬ ಕಾರಣಕ್ಕೆ ಮಾತ್ರವಲ್ಲ; ನಮ್ಮ ಜೊಲ್ಲಿನಲ್ಲಿ ಪಿಷ್ಟವನ್ನು ಕರಗಿಸುವ ಅಮೈಲೇಸ್ ಕಿಣ್ವವಿದೆ. ಆರಿದ ಗ್ಲೇಜಿಗೆ ಅದು ತುಸು ಸೇರಿದರೂ ಗಟ್ಟಿಯಾದದ್ದು ಕೆಲವು ಗಂಟೆಗಳಲ್ಲಿ ನೀರಾಗಬಹುದು. ಕಾರಣ ತಿಳಿಯದೆ ಗ್ಲೇಜ್ ತೆಳ್ಳಗಾಯಿತು ಎನ್ನುವ ಎಷ್ಟೋ ಕಡೆ ಈ ಚಮಚದ ಮೇಲೂ ಒಂದು ಅನುಮಾನ ಇಟ್ಟುಕೊಳ್ಳಬಹುದು.

ಹಣ್ಣು ಬದಲಾದಾಗ

ಬ್ಲೂಬೆರಿಯನ್ನು ಹೆಚ್ಚುವುದು ಬೇಡ, ಇಡಿಯಾಗಿ ಸಕ್ಕರೆಯೊಂದಿಗೆ ಬೇಯಿಸಿ. ಸಿಪ್ಪೆ ಬಿರಿದು ತನ್ನಷ್ಟಕ್ಕೆ ತಾನೇ ದಪ್ಪವಾಗುತ್ತದೆ. ಕಾರ್ನ್‌ಫ್ಲೋರ್ ಒಂದು ಟೇಬಲ್ ಚಮಚಕ್ಕೆ ಇಳಿಸಿ, ಸೋಸುವುದು ನಿಮ್ಮಿಷ್ಟ. ಅರ್ಧ ಹಣ್ಣನ್ನು ಇಡಿಯಾಗಿ ಉಳಿಸಿಕೊಂಡು ಕೊನೆಗೆ ಬೆರೆಸಿದರೆ ನೋಡಲು ಚೆಂದ.

ಮಾವಿನ ತಿರುಳು ಸ್ವಭಾವತಃ ದಪ್ಪ. ಅದನ್ನು ನಾರಿಲ್ಲದಂತೆ ಜರಡಿಯಲ್ಲಿ ಉಜ್ಜಿ, ನಾಲ್ಕನೇ ಒಂದು ಪಾಲು ನೀರು ಸೇರಿಸಿ ಸಡಿಲ ಮಾಡಿದ ಮೇಲೆಯೇ ಗ್ಲೇಜಿನ ಹದ ಬರುವುದು. ಕಾರ್ನ್‌ಫ್ಲೋರ್ ಎರಡು ಟೀ ಚಮಚ ಸಾಕಾಗುತ್ತದೆ. ಬಹಳ ಸಿಹಿಯಾದ ಹಣ್ಣಾಗಿದ್ದರೆ ನಿಂಬೆರಸ ಇನ್ನೊಂದು ಚಮಚ ಹೆಚ್ಚಿರಲಿ, ಇಲ್ಲದಿದ್ದರೆ ಸಪ್ಪೆ ಸಿಹಿಯಾಗುತ್ತದೆ.

ಕಿತ್ತಳೆ, ನಿಂಬೆ, ದಾಳಿಂಬೆಯಂಥ ತೆಳು ರಸಕ್ಕೆ ಉಲ್ಟಾ ಲೆಕ್ಕ: ಒಂದು ಕಪ್ಪಿಗೆ (240 ಮಿ.ಲೀ.) ಎರಡು ಟೇಬಲ್ ಚಮಚದವರೆಗೂ ಪಿಷ್ಟ ಬೇಕಾಗಬಹುದು, ಅದರಲ್ಲೂ ನಿಂಬೆಯ ಹುಳಿ ಪಿಷ್ಟದ ಶಕ್ತಿಯನ್ನೇ ಕುಂದಿಸುತ್ತದೆ. ನಿಂಬೆ ಗ್ಲೇಜಿಗೆ ನೀರು, ಸಕ್ಕರೆ, ಪಿಷ್ಟವನ್ನು ಮೊದಲು ಕುದಿಸಿ ಗಟ್ಟಿ ಮಾಡಿಕೊಂಡು, ರಸವನ್ನು ಇಳಿಸಿದ ಮೇಲೆ ಬೆರೆಸುವುದು ಸರಿಯಾದ ದಾರಿ. ಸಿಪ್ಪೆಯ ಬಣ್ಣದ ಭಾಗವನ್ನಷ್ಟೇ ತುರಿದು ಹಾಕಿದರೆ ಪರಿಮಳ ದುಪ್ಪಟ್ಟು. ಕೆಳಗಿನ ಬಿಳಿ ಪದರ ಕಹಿ, ಅದನ್ನು ಮುಟ್ಟಬೇಡಿ.

ಅನಾನಸ್, ಪಪ್ಪಾಯ, ಅಂಜೂರ, ಕಿವಿಫ್ರೂಟ್‌ಗಳ ವಿಷಯದಲ್ಲಿ ಎಚ್ಚರ ಬೇಕು, ಅದು ಮುಂದೆ ಬರುತ್ತದೆ.

ಚೀಸ್‌ಕೇಕಿನ ಮೇಲೆ ನಿಲ್ಲುವ ಪದರ

ಜೆಲಟಿನ್ ಬಳಸುವುದಾದರೆ: 2 ಟೇಬಲ್ ಚಮಚ ತಣ್ಣೀರಿನ ಮೇಲೆ ಒಂದು ಟೀ ಚಮಚ (ಸುಮಾರು 3 ಗ್ರಾಂ) ಜೆಲಟಿನ್ ಪುಡಿಯನ್ನು ಉದುರಿಸಿ, ಐದರಿಂದ ಹತ್ತು ನಿಮಿಷ ನೆನೆಯಲು ಬಿಡಿ. ಪುಡಿಯ ಮೇಲೆ ನೀರು ಹೊಯ್ದರೆ ಗಂಟು ಕಟ್ಟುತ್ತದೆ, ನೀರಿನ ಮೇಲೆ ಪುಡಿ ಉದುರಿಸಬೇಕು. 250 ಮಿ.ಲೀ. ಸೋಸಿದ ಹಣ್ಣಿನ ತಿರುಳನ್ನು ಸಕ್ಕರೆ ಹಾಕಿ ಬಿಸಿಮಾಡಿ, ಉರಿಯಿಂದ ಇಳಿಸಿ, ನೆನೆದ ಜೆಲಟಿನನ್ನು ಅದಕ್ಕೆ ಹಾಕಿ ಕರಗುವವರೆಗೆ ಕಲಕಿ. ಜೆಲಟಿನ್ ಸೇರಿದ ಮೇಲೆ ಕುದಿಸಬಾರದು, ಅದರ ಹಿಡಿತ ಸಡಿಲವಾಗುತ್ತದೆ. ಈ ಅಳತೆಗೆ ಮೃದುವಾದ, ಅಲುಗುವ ಪದರ ಬರುತ್ತದೆ. ಇನ್ನೂ ಗಟ್ಟಿ ಬೇಕಿದ್ದರೆ ಅರ್ಧ ಟೀ ಚಮಚ ಹೆಚ್ಚಿಸಿ, ಅದಕ್ಕಿಂತ ಹೆಚ್ಚು ಬೇಡ.

ಹಸಿ ಅನಾನಸ್, ಪಪ್ಪಾಯ, ಕಿವಿಫ್ರೂಟ್, ಅಂಜೂರದಲ್ಲಿ ಪ್ರೋಟೀನನ್ನು ತುಂಡರಿಸುವ ಕಿಣ್ವಗಳಿವೆ. ಅನಾನಸಿನದು ಬ್ರೋಮೆಲೈನ್, ಪಪ್ಪಾಯದ್ದು ಪಪೈನ್. ಜೆಲಟಿನ್ ಪ್ರೋಟೀನೇ ಆದ್ದರಿಂದ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೂ ಪಾನಕವಾಗಿಯೇ ಉಳಿಯುತ್ತದೆ. ಹಣ್ಣಿನ ರಸವನ್ನು ಮೊದಲು ಚೆನ್ನಾಗಿ ಕುದಿಸಿ ಆ ಕಿಣ್ವಗಳನ್ನು ಕೆಡಿಸಿದರೆ ಸಮಸ್ಯೆಯಿಲ್ಲ. ಡಬ್ಬಿಯ ಅನಾನಸ್ ಈಗಾಗಲೇ ಬಿಸಿ ಕಂಡದ್ದು, ಹಾಗೆಯೇ ಬಳಸಬಹುದು. ಪದರದ ಮೇಲೆ ಅಲಂಕಾರಕ್ಕೆಂದು ಹಸಿ ಕಿವಿಫ್ರೂಟಿನ ಬಿಲ್ಲೆ ಇಟ್ಟರೂ ಅದರ ಸುತ್ತ ನೀರಾಗುವುದು ಇದೇ ಕಾರಣಕ್ಕೆ.

ಚೈನಾ ಗ್ರಾಸಿಗೆ ಈ ತಾಪತ್ರಯವಿಲ್ಲ, ಅದು ಪ್ರೋಟೀನಲ್ಲ. ಆದರೆ ಅದಕ್ಕೆ ಕುದಿ ಬೇಕೇ ಬೇಕು. 100 ಮಿ.ಲೀ. ನೀರಿಗೆ ಅರ್ಧ ಟೀ ಚಮಚ (1ರಿಂದ 1.5 ಗ್ರಾಂ) ಅಗರ್ ಪುಡಿ, ಎರಡು ಟೇಬಲ್ ಚಮಚ ಸಕ್ಕರೆ ಹಾಕಿ, ಕಲಕುತ್ತ ಎರಡು ನಿಮಿಷ ಚೆನ್ನಾಗಿ ಕುದಿಸಿ. ಪಕ್ಕದ ಒಲೆಯಲ್ಲಿ 250 ಮಿ.ಲೀ. ಹಣ್ಣಿನ ತಿರುಳನ್ನು ಕೈ ಸುಡುವಷ್ಟು ಬಿಸಿ ಮಾಡಿಟ್ಟುಕೊಂಡು ಎರಡನ್ನೂ ಸೇರಿಸಿ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ತಿರುಳಿಗೆ ಸುರಿದರೆ ಅಗರ್ ಅಲ್ಲಲ್ಲೇ ಗಟ್ಟಿಯಾಗಿ ತರಿತರಿಯಾಗುತ್ತದೆ, ಏಕೆಂದರೆ 40 ಡಿಗ್ರಿಯ ಕೆಳಗೆ ಬರುತ್ತಿದ್ದಂತೆ ಅದು ಕೂತುಬಿಡುತ್ತದೆ. ಹುಳಿ ಹಣ್ಣಿನ ರಸದಲ್ಲೇ ಅಗರನ್ನು ಕುದಿಸುವುದೂ ಒಳ್ಳೆಯದಲ್ಲ, ಹಿಡಿತ ಕಡಿಮೆಯಾಗುತ್ತದೆ. ನೀರಿನಲ್ಲಿ ಕುದಿಸಿ ಆಮೇಲೆ ರಸ ಸೇರಿಸುವುದು ಅದಕ್ಕೇ. ಎಳೆ ಎಳೆಯಾದ ಚೈನಾ ಗ್ರಾಸ್ ಆದರೆ ಕತ್ತರಿಸಿ, ಮೊದಲು ನೀರಿನಲ್ಲಿ ನೆನೆಸಿ, ಪೂರ್ತಿ ಕರಗುವವರೆಗೆ ಕುದಿಸಿ ಸೋಸಿಕೊಳ್ಳಿ.

ಅವಸರದ ಗ್ಲೇಜ್‌ಗಳು

ಜಾಮ್ ಗ್ಲೇಜಿಗೆ ಹೇಳಿಕೊಳ್ಳುವಂಥ ವಿಧಾನವೇ ಇಲ್ಲ. 100 ಗ್ರಾಂ ಏಪ್ರಿಕಾಟ್ ಜಾಮಿಗೆ ಒಂದೆರಡು ಟೇಬಲ್ ಚಮಚ ನೀರು ಹಾಕಿ, ಗುಳ್ಳೆ ಬರುವವರೆಗೆ ಬಿಸಿಮಾಡಿ, ಸೋಸಿ, ಬಿಸಿ ಇರುವಾಗಲೇ ಬ್ರಷ್‌ನಿಂದ ಹಚ್ಚಿ. ಫ್ರೆಂಚ್ ಬೇಕರಿಗಳಲ್ಲಿ ಇದನ್ನು ನಪಾಜ್ ಎನ್ನುತ್ತಾರೆ. ಏಪ್ರಿಕಾಟನ್ನೇ ಆರಿಸುವುದಕ್ಕೆ ಕಾರಣ ಅದರ ತಿಳಿ ಬಣ್ಣ ಮತ್ತು ಮೇಲೆ ಬಿದ್ದು ಮಾತಾಡದ ರುಚಿ. ಕೆಂಪು ಹಣ್ಣಿನ ಟಾರ್ಟಿಗೆ ರೆಡ್ ಕರಂಟ್ ಎಂಬ ಪುಟ್ಟ ಕೆಂಪು ಹಣ್ಣಿನ ಜೆಲ್ಲಿ, ಸೇಬಿಗೆ ಸೇಬಿನ ಜೆಲ್ಲಿಯೂ ಹೊಂದುತ್ತವೆ. ಬರೀ ಹೊಳಪಿಗಲ್ಲ, ಹೆಚ್ಚಿದ ಹಣ್ಣಿಗೆ ಗಾಳಿ ತಾಗದಂತೆ ತಡೆಯುವುದರಿಂದ ಸೇಬು, ಪೇರು ಕಂದಾಗುವುದು ನಿಧಾನವಾಗುತ್ತದೆ.

ಪಿಷ್ಟವೇ ಬೇಡ ಎನ್ನುವವರಿಗೆ ಬತ್ತಿಸುವ ದಾರಿಯಿದೆ. 500 ಮಿ.ಲೀ. ಕಿತ್ತಳೆ ಅಥವಾ ದಾಳಿಂಬೆ ರಸಕ್ಕೆ 50 ಗ್ರಾಂ ಸಕ್ಕರೆ ಸೇರಿಸಿ ಅಗಲ ಬಾಯಿಯ ಪಾತ್ರೆಯಲ್ಲಿ ಕಾಲು ಭಾಗದಷ್ಟಕ್ಕೆ ಇಳಿಯುವವರೆಗೆ ಕುದಿಸಿ. ರುಚಿ ಗಾಢ, ಬಣ್ಣ ಗಾಢ, ಹುಳಿಯೂ ಅಷ್ಟೇ. ಕೊನೆಯ ಮೂರ್ನಾಲ್ಕು ನಿಮಿಷ ಒಲೆ ಬಿಟ್ಟು ಕದಲಬಾರದು. ಸಣ್ಣ ಗುಳ್ಳೆಗಳು ಹೋಗಿ ದೊಡ್ಡ, ಹೊಳೆಯುವ, ಸೋಮಾರಿ ಗುಳ್ಳೆಗಳು ಬಂದರೆ ಉರಿ ಆರಿಸಿ. ಒಂದೆಳೆ ಪಾಕಕ್ಕೆ ಇನ್ನೂ ತುಸು ಹಿಂದೆಯೇ ನಿಲ್ಲಿಸಬೇಕು, ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ.

ಐಸಿಂಗ್ ಸಕ್ಕರೆಯದ್ದು ಒಲೆಯೇ ಇಲ್ಲದ ಕೆಲಸ. 120 ಗ್ರಾಂ ಸಕ್ಕರೆ ಜರಡಿ ಹಿಡಿದು, ಒಂದೂವರೆ ಟೇಬಲ್ ಚಮಚ ಸೋಸಿದ ಗಟ್ಟಿ ರಸ. ಕೊನೆಯ ಅರ್ಧ ಚಮಚವನ್ನು ಹನಿ ಹನಿಯಾಗಿ ಹಾಕಿ, ಇದು ಹದ ಮೀರುವುದು ನಾಲ್ಕು ಹನಿಗಳಲ್ಲಿ.

ಸುರಿಯುವ ಹೊತ್ತು

ಹದವಾಗಿ ಮಾಡಿದ ಗ್ಲೇಜ್ ತಪ್ಪು ಹೊತ್ತಿನಲ್ಲಿ ಸುರಿದರೆ ಕೆಡುತ್ತದೆ. ಬೆಣ್ಣೆ ಕೇಕಿನೊಳಗೆ ರಸ ಇಳಿಯಲಿ ಎನ್ನುವುದಾದರೆ ಕೇಕು ಬೆಚ್ಚಗಿರುವಾಗಲೇ ಟೂತ್‌ಪಿಕ್‌ನಿಂದ ಚುಚ್ಚಿ, ತೆಳು ಗ್ಲೇಜನ್ನು ಬಿಸಿಯಾಗಿ ಹಾಕಿ. ಮೇಲೆಯೇ ನಿಲ್ಲಬೇಕಿದ್ದರೆ ಕೇಕು ಪೂರ್ತಿ ಆರಿರಬೇಕು, ಗ್ಲೇಜ್ ಉಗುರುಬೆಚ್ಚಗಿರಬೇಕು. ಕ್ರೀಮ್ ಹಚ್ಚಿದ ಕೇಕಿಗೆ ಬಿಸಿ ಸೋಂಕಲೇಬಾರದು: ಕೇಕನ್ನು ಫ್ರಿಜ್ಜಿನಲ್ಲಿಟ್ಟು ಕ್ರೀಮ್ ಗಟ್ಟಿ ಮಾಡಿ, ಗ್ಲೇಜನ್ನು ಕೋಣೆಯ ತಾಪಕ್ಕೆ ಇಳಿಸಿ, ಚಮಚದಲ್ಲಿ ಅಂಚಿನಿಂದ ಶುರುಮಾಡಿ ಒಳಕ್ಕೆ ಬನ್ನಿ. ಅಂಚಿನಿಂದ ಇಳಿಯುವ ಧಾರೆ ಎಷ್ಟು ದೂರ ಹೋಗುತ್ತದೆಂದು ಹಿಂಬದಿಯಲ್ಲಿ ಒಂದು ಹನಿ ಬಿಟ್ಟು ನೋಡಿಕೊಳ್ಳುವುದು ಜಾಣತನ.

ಜೆಲಟಿನ್ ಪದರಕ್ಕೆ 30ರಿಂದ 35 ಡಿಗ್ರಿ ಸರಿ. ಥರ್ಮಾಮೀಟರ್ ಇಲ್ಲದಿದ್ದರೆ ಮಣಿಕಟ್ಟಿಗೆ ಒಂದು ಹನಿ ಹಾಕಿಕೊಳ್ಳಿ, ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ಅನುಭವ ಬಂದರೆ ಅದೇ ಹೊತ್ತು. ಅಗರ್ ಪದರವನ್ನು ಅಷ್ಟು ಆರಲು ಬಿಟ್ಟರೆ ಪಾತ್ರೆಯಲ್ಲೇ ಕೂರುತ್ತದೆ. 45 ಡಿಗ್ರಿಯ ಆಸುಪಾಸಿನಲ್ಲೇ ಸರಸರನೆ ಸುರಿದು ಮುಗಿಸಿ. ಎರಡಕ್ಕೂ ಚೀಸ್‌ಕೇಕ್ ಚೆನ್ನಾಗಿ ತಣ್ಣಗಿರಬೇಕು, ಮೇಲೆ ನೀರಿನ ಬೆವರು ಇದ್ದರೆ ಟಿಶ್ಯೂ ಕಾಗದದಿಂದ ಒತ್ತಿ ತೆಗೆಯಬೇಕು. ಒದ್ದೆ ಮೈ ಮೇಲೆ ಕೂತ ಪದರ ಕತ್ತರಿಸುವಾಗ ಜಾರುತ್ತದೆ. ನೇರವಾಗಿ ಸುರಿದರೆ ಮಧ್ಯೆ ಗುಳಿ ಬೀಳುತ್ತದೆ. ಚಮಚವನ್ನು ಕೇಕಿಗೆ ಹತ್ತಿರ ಬೋರಲು ಹಿಡಿದು ಅದರ ಬೆನ್ನಿನ ಮೇಲೆ ಸುರಿಯಿರಿ. ಗುಳ್ಳೆ ಕಂಡರೆ ಟೂತ್‌ಪಿಕ್‌ನಿಂದ ಒಡೆಯಿರಿ.

ಟಾರ್ಟಿನ ಹಣ್ಣಿಗೆ ಬ್ರಷ್ ಎಳೆಯಬೇಡಿ, ಒತ್ತಿ ಒತ್ತಿ ಹಚ್ಚಿ. ಎಳೆದರೆ ಜೋಡಣೆ ಕದಲುತ್ತದೆ, ಕೆಂಪು ಹಣ್ಣಿನ ಬಣ್ಣ ಪಕ್ಕದ ಬಿಳಿ ಹಣ್ಣಿಗೆ ಮೆತ್ತಿಕೊಳ್ಳುತ್ತದೆ. ಹೆಚ್ಚಿದ ಸ್ಟ್ರಾಬೆರಿಯ ಮೇಲೆ ಹಚ್ಚಿದ ಗ್ಲೇಜ್ ಹೇಗೂ ಮರುದಿನಕ್ಕೆ ನೀರು ಬಿಡುತ್ತದೆ, ಸಕ್ಕರೆ ಹಣ್ಣಿನಿಂದ ರಸ ಎಳೆಯುವುದನ್ನು ಯಾರೂ ತಡೆಯಲಾರರು. ಅಂಥದ್ದನ್ನು ಬಡಿಸುವ ಒಂದೆರಡು ಗಂಟೆ ಮುಂಚೆಯಷ್ಟೇ ಹಚ್ಚಬೇಕು.

ಕೈಕೊಟ್ಟಾಗ

ಗಂಟಾಗಿದ್ದರೆ ಬಿಸಿಯಿರುವಾಗಲೇ ಇನ್ನೊಮ್ಮೆ ಸೋಸಿ. ತೆಳ್ಳಗಾಗಿದ್ದರೆ ಒಂದು ಟೀ ಚಮಚ ಕಾರ್ನ್‌ಫ್ಲೋರನ್ನು ಒಂದು ಟೇಬಲ್ ಚಮಚ ತಣ್ಣೀರಿನಲ್ಲಿ ಕದಡಿ ಹಾಕಿ ಮತ್ತೆ ಒಂದು ನಿಮಿಷ ಕುದಿಸಿ. ಆರುವ ಮುನ್ನವೇ ತೆಳ್ಳಗಿದೆ ಎಂದು ತೀರ್ಮಾನಿಸಬೇಡಿ, ತಣ್ಣನೆಯ ತಟ್ಟೆಯನ್ನು ಕೇಳಿ. ಗಟ್ಟಿಯಾಗಿದ್ದರೆ ಅದೇ ಹಣ್ಣಿನ ರಸವನ್ನು ಬಿಸಿಮಾಡಿ ಚಮಚ ಚಮಚವಾಗಿ ಸೇರಿಸಿ, ನೀರು ಸೇರಿಸಿದರೆ ರುಚಿ ಪೇಲವ. ಮೇಲೆ ಕೆನೆ ಕಟ್ಟದಿರಲು ಬೆಣ್ಣೆ ಕಾಗದವನ್ನು ಗ್ಲೇಜಿಗೆ ತಾಗುವಂತೆಯೇ ಮುಚ್ಚಿ ಆರಲು ಬಿಡಿ. ಜೆಲಟಿನ್ ಗ್ಲೇಜ್ ಪಾತ್ರೆಯಲ್ಲೇ ಗಟ್ಟಿಯಾದರೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿಕೊಳ್ಳಬಹುದು, ಅಗರಿನದ್ದಾದರೆ ಒಲೆಯ ಮೇಲೆ ಕುದಿ ಬರುವ ಮಟ್ಟಕ್ಕೆ ಬಿಸಿಮಾಡಬೇಕು.

ತಳ ಹತ್ತಿ ಸೀದ ವಾಸನೆ ಬಂದರೆ ಸಕ್ಕರೆ ನಿಂಬೆ ಹಾಕಿ ಮುಚ್ಚಿಡುವ ಪ್ರಯತ್ನ ಬೇಡ. ಆ ವಾಸನೆ ಹೋಗುವುದಿಲ್ಲ.

ಎಷ್ಟು ದಿನ

ಆರಿದ ಗ್ಲೇಜನ್ನು ಶುಚಿಯಾದ, ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಬರುತ್ತದೆ. ಕೋಣೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬೇಡಿ. ಕಾರ್ನ್‌ಫ್ಲೋರ್ ಹಾಕಿದ್ದನ್ನು ಬಾಟಲಿಯಲ್ಲಿ ಬಿಗಿದು, ಕುದಿಸಿ, ತಿಂಗಳುಗಟ್ಟಲೆ ಕಪಾಟಿನಲ್ಲಿಡುವ ಯೋಚನೆ ಖಂಡಿತ ಬೇಡ: ದಪ್ಪನೆಯ ಗ್ಲೇಜಿನ ನಡುಭಾಗಕ್ಕೆ ಬಿಸಿ ಸರಿಯಾಗಿ ತಲುಪುವುದಿಲ್ಲ, ಸುರಕ್ಷಿತವಲ್ಲ. ಬಹಳ ದಿನಕ್ಕೆ ಬೇಕಿದ್ದರೆ ಸಕ್ಕರೆ ಹಾಕಿ ಸೋಸಿದ ತಿರುಳನ್ನು ಮಾತ್ರ ಐಸ್ ಟ್ರೇಯಲ್ಲಿ ಹಿಮಗಟ್ಟಿಸಿಡಿ. ಬೇಕಾದಾಗ ಬೇಕಾದಷ್ಟು ತುಂಡು ಕರಗಿಸಿಕೊಂಡು ನಾಲ್ಕನೇ ಹಂತದಿಂದ ಮುಂದುವರಿಸಿದರೆ ಹತ್ತು ನಿಮಿಷದಲ್ಲಿ ಹೊಸ ಗ್ಲೇಜ್ ಸಿದ್ಧ. ಫ್ರಿಜ್ಜಿನಲ್ಲಿ ಉಳಿದ ಒಂದೆರಡು ಚಮಚವನ್ನು ಸಣ್ಣ ಉರಿಯಲ್ಲಿ ತುಸು ರಸ ಸೇರಿಸಿ ಸಡಿಲಿಸಿ ಐಸ್‌ಕ್ರೀಮಿಗೋ ಮೊಸರಿಗೋ ಹಾಕಿ ಮುಗಿಸಿ.